ಉನ್ನತ ವಿದ್ಯೆಯ ದಾರಿಗಳು ಮತ್ತು ವಿದ್ಯಾರ್ಥಿಗಳ ದೂರಸಮ್ಮೇಳನ

ವಿದ್ಯೆಯನ್ನು ಅರಸಿ ಊರು ಬಿಡುವುದು ಕನ್ನಡಿಗರಿಗೆ ಹೊಸತಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳ ಕಡೆಯ ತರುಣರು ಪದವಿಯನ್ನು ಪಡೆಯಬೇಕಾದರೆ ೧೮೫೭ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾನಿಲಯವನ್ನೇ ಬಹುಕಾಲ ಆಶ್ರಯಿಸಬೇಕಾಗಿದ್ದಿತು. ೧೯೧೭ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆರಂಭವಾಗುವ ಮುನ್ನ ಅವರು ಪುಣೆಗೋ ಮುಂಬಯಿಗೋ ಗಂಟುಮೂಟೆ ಕಟ್ಟುತ್ತಿದ್ದರು. ಬೇಂದ್ರೆಯವರು ಬಿ. ಎ. ಓದಿದುದು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ಅಷ್ಟೇಕೆ, ಕರ್ನಾಟಕ ವಿಶ್ವವಿದ್ಯಾನಿಲಯವೂ ೧೯೪೯ರಲ್ಲಿ ಮೊದಲು ಕಣ್ದೆರೆದುದು ಮುಂಬಯಿಯಲ್ಲಿಯೇ. ಅದು ಧಾರವಾಡಕ್ಕೆ ಹೋದುದು ಮರುವರ್ಷ.

ಆ ಕಾಲದ ಹುಡುಗನಿಗೆ ಯಾವ ಕಾಲೇಜಿಗೆ ಹೋಗಬೇಕು, ಎಲ್ಲಿ ಉಳಿಯಬೇಕು, ಯಾವ ವಿದ್ಯಾರ್ಥಿವೇತನಕ್ಕೆ ಬರೆದುಕೊಳ್ಳಬೇಕು ಎಂಬುದು ತಿಳಿಯುತ್ತಿದ್ದುದು ಹೇಗೆ? ಮುಂದೆ ಹೋದವನೊಬ್ಬನು ಹಿಂದೆ ಉಳಿದವನಿಗೆ ಕಾಗದ ಬರೆಯುತ್ತಿದ್ದನು. ಸೋದರಮಾವನೋ ನೆರೆಮನೆಯ ಅಣ್ಣನೋ ಊರಿನ ಮಾಸ್ತರರ ಹಳೆಯ ಶಿಷ್ಯನೋ ಆ ಕಾಗದವನ್ನು ಬರೆಯುತ್ತಿದ್ದನು. ಅಂಥವನೊಬ್ಬನು ಇದ್ದ ಮನೆಯ ಮಗ ಓದಿದನು. ಇಲ್ಲದ ಮನೆಯ ಮಗ, ಬುದ್ಧಿಯಲ್ಲಿ ಕಡಮೆಯಿಲ್ಲದಿದ್ದರೂ, ಅಂಗಡಿಯ ಗಲ್ಲೆಯಲ್ಲಿಯೋ ಹೋಟೆಲಿನ ಅಡಿಗೆಮನೆಯಲ್ಲಿಯೋ ನಿಂತನು. ತಿಳಿದವನೊಬ್ಬನ ಪರಿಚಯವೂ ಒಂದು ಬಗೆಯ ಆಸ್ತಿಯೇ ಆಗಿದ್ದಿತು. ಈ ಆಸ್ತಿಯ ಹಂಚಿಕೆ ಇಂದಿಗೂ ಸಮನಾಗಿಲ್ಲ. ಇದನ್ನು ಹಂಚುವ ಒಂದು ಹೊಸ ಉಪಾಯವನ್ನು, ಅಂದರೆ ವಿದ್ಯಾರ್ಥಿಗಳೇ ಸೇರಿ ನಡೆಸುವ ದೂರಸಮ್ಮೇಳನವನ್ನು, ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಒಬ್ಬ ಹುಡುಗ, ಮೂರು ತವರುಗಳು

“ಈಗ ಎಲ್ಲವೂ ಕೈಯಲ್ಲಿಯ ಫೋನಿನಲ್ಲಿಯೇ ಸಿಕ್ಕುತ್ತದಲ್ಲ, ಸಮ್ಮೇಳನದ ಅವಶ್ಯಕತೆಯೇನು?” ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಒಂದು ಉದಾಹರಣೆಯಿಂದ ಉತ್ತರ ಕೊಡುವುದು ಮೇಲು.

ಮೂಲ್ಕಿಯಲ್ಲಿ ಅಜ್ಜಿಯ ಮನೆಯಲ್ಲಿದ್ದು ಒಂದರಿಂದ ಹತ್ತನೆಯ ತರಗತಿಯವರೆಗೆ ಓದಿ, ಅನಂತರ ಡೊಂಬಿವಲಿಯಲ್ಲಿರುವ ತಂದೆತಾಯಿಗಳ ಬಳಿಗೆ ಬಂದು ಹನ್ನೊಂದು, ಹನ್ನೆರಡನೆಯ ತರಗತಿಗಳನ್ನು ಮುಗಿಸುವ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳೋಣ. ನಮ್ಮ ಸಂಘಗಳ ಪರಿಸರದಲ್ಲಿ ಇಂಥ ಮಕ್ಕಳು ಅಪರೂಪವಲ್ಲ. ಈ ಹುಡುಗನು ಯಾವ ರಾಜ್ಯದವನು? ಉತ್ತರ ಒಂದೇ ಅಲ್ಲ. ಕೇಳುವ ಕಚೇರಿಯಂತೆ ಉತ್ತರವೂ ಬೇರೆಯಾಗುತ್ತದೆ.

ರಾಷ್ಟ್ರೀಯ ತಾಂತ್ರಿಕ ಸಂಸ್ಥೆಗಳಲ್ಲಿ, ಅಂದರೆ ಎನ್. ಐ. ಟಿ.ಗಳಲ್ಲಿ, ಅರ್ಧದಷ್ಟು ಸ್ಥಾನಗಳು ಆಯಾ ರಾಜ್ಯದ ಅಭ್ಯರ್ಥಿಗಳಿಗೆ ಮೀಸಲು. ಅಲ್ಲಿ ರಾಜ್ಯವನ್ನು ನಿರ್ಣಯಿಸುವುದು ಹನ್ನೆರಡನೆಯ ತರಗತಿಯನ್ನು ಎಲ್ಲಿ ಉತ್ತೀರ್ಣನಾದನೆಂಬುದರಿಂದ. ಹೀಗಾಗಿ ಅಜ್ಜಿಯ ಮನೆಗೆ ಕೂಗಳತೆಯಷ್ಟು ಸಮೀಪವಿರುವ ಸುರತ್ಕಲ್ಲಿನ ಸಂಸ್ಥೆ ಈ ಹುಡುಗನಿಗೆ ಹೊರರಾಜ್ಯದ್ದಾಗುತ್ತದೆ. ಅವನು ಒಮ್ಮೆಯೂ ಕಂಡಿರದ ನಾಗಪುರದ ಸಂಸ್ಥೆ ತವರಿನದಾಗುತ್ತದೆ.

ಮಹಾರಾಷ್ಟ್ರ ರಾಜ್ಯದ ಪ್ರವೇಶಕ್ರಮ ಬೇರೆ. ಇಂಜಿನಿಯರಿಂಗಿಗೆ ಹತ್ತು ಮತ್ತು ಹನ್ನೆರಡು ಎರಡನ್ನೂ ಆ ರಾಜ್ಯದಲ್ಲಿಯೇ ಮುಗಿಸಿದವರು ಮೊದಲನೆಯ ವರ್ಗದವರು. ನಮ್ಮ ಹುಡುಗ ಆ ವರ್ಗಕ್ಕೆ ಸೇರನು. ಆದರೆ ತಂದೆಗಾಗಲಿ ತಾಯಿಗಾಗಲಿ ಅಧಿವಾಸ ಪ್ರಮಾಣಪತ್ರವಿದ್ದರೆ ಇನ್ನೊಂದು ವರ್ಗದ ಮೂಲಕ ಒಳಗೆ ಬರಬಹುದು. ವೈದ್ಯಕೀಯಕ್ಕೆ ಈ ಸೌಲಭ್ಯವಿಲ್ಲ. ಕೆಲವು ವಿನಾಯಿತಿಗಳನ್ನು ಬಿಟ್ಟರೆ, ರಾಜ್ಯದ ಪಾಲಿನ ವೈದ್ಯಕೀಯ ಸ್ಥಾನಕ್ಕೆ ಹತ್ತನೆಯ ತರಗತಿಯನ್ನೂ ಅಲ್ಲಿಯೇ ಉತ್ತೀರ್ಣನಾಗಿರಬೇಕು. ಸರಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ನೂರಕ್ಕೆ ೧೫ ಸ್ಥಾನಗಳು ಮಾತ್ರ ಅಖಿಲ ಭಾರತ ಪಾಲಿನವು. ಉಳಿದ ೮೫ ರಾಜ್ಯದವು. ಹತ್ತನೆಯ ತರಗತಿಯನ್ನು ಎಲ್ಲಿ ಓದಿದೆನೆಂಬ ಒಂದೇ ಸಂಗತಿಯಿಂದ ಆ ದೊಡ್ಡ ಪಾಲು ಕೈತಪ್ಪುತ್ತದೆಂಬುದನ್ನು ಎಷ್ಟು ಮಂದಿ ತಂದೆತಾಯಿಗಳು ಮೊದಲೇ ಬಲ್ಲರು?

ಕರ್ನಾಟಕದ ಕ್ರಮ ಮೂರನೆಯ ತೆರದ್ದು. ಅಲ್ಲಿಯ ಇಂಜಿನಿಯರಿಂಗ್ ಪ್ರವೇಶ ನಿಯಮಗಳಲ್ಲಿ ಮುಖ್ಯವಾಗಿ ಎಣಿಸುವುದು ರಾಜ್ಯದೊಳಗೆ ಓದಿದ ವರ್ಷಗಳನ್ನು: ಕನಿಷ್ಠ ಏಳು ಶೈಕ್ಷಣಿಕ ವರ್ಷ ಓದಿರಬೇಕು, ಜೊತೆಗೆ ಹತ್ತನೆಯದನ್ನಾಗಲಿ ಹನ್ನೆರಡನೆಯದನ್ನಾಗಲಿ ಅಲ್ಲಿ ಉತ್ತೀರ್ಣನಾಗಿರಬೇಕು. ಆ ಲೆಕ್ಕದಲ್ಲಿ ಡೊಂಬಿವಲಿಯ ಈ ಹುಡುಗನಿಗೆ ಕರ್ನಾಟಕದ ಬಾಗಿಲು ತೆರೆದೇ ಇದೆ. ಇಷ್ಟೇ ಅಲ್ಲ, ಸಂಪೂರ್ಣವಾಗಿ ಹೊರಗೆ ಓದಿದವರಲ್ಲಿಯೂ ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರಿಗೆ ‘ಹೊರನಾಡು ಕನ್ನಡಿಗ’ರೆಂಬ ವರ್ಗವೊಂದನ್ನು, ಗಡಿಯ ಕೆಲವು ತಾಲೂಕುಗಳಲ್ಲಿ ಓದಿದವರಿಗೆ ‘ಗಡಿನಾಡು ಕನ್ನಡಿಗ’ರೆಂಬ ವರ್ಗವೊಂದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮಗಳು ಕಲ್ಪಿಸಿವೆ. ಅದಕ್ಕೆ ಕನ್ನಡ ಭಾಷಾಪರೀಕ್ಷೆಯೊಂದನ್ನು ಕೊಡಬೇಕಾಗುತ್ತದೆ. ಮನೆಯಲ್ಲಿ ಕನ್ನಡ ಅಕ್ಷರಗಳನ್ನು ಕಲಿಸುವುದರಿಂದ ಏನು ಪ್ರಯೋಜನವೆಂದು ಕೇಳುವವರಿಗೆ ಇದೂ ಒಂದು ಉತ್ತರ.

ಮೇಲೆ ಹೇಳಿದ ಮೂರು ನಿಯಮಗಳೂ ಗುಟ್ಟಿನವಲ್ಲ, ಮುದ್ರಿತವಾದವು. ಆದರೆ ಒಂದೊಂದು ಕಚೇರಿ ತನ್ನ ನಿಯಮವನ್ನು ಮಾತ್ರ ಹೇಳುತ್ತದೆ; ಮೂರನ್ನೂ ಒಂದೇ ಹುಡುಗನ ಜೀವನಕ್ಕೆ ಹೊಂದಿಸಿ ಹೇಳುವ ಕಚೇರಿ ಯಾವುದೂ ಇಲ್ಲ. ಹೇಳಬಲ್ಲವನು ಕಳೆದ ವರ್ಷ ಇದೇ ಸಂದಿಯಲ್ಲಿ ಸಿಕ್ಕಿ ಹಾದುಬಂದ ಇನ್ನೊಬ್ಬ ವಿದ್ಯಾರ್ಥಿ. ಅವನು ಪುಣೆಯಲ್ಲಿರಬಹುದು, ಹೈದರಾಬಾದಿನಲ್ಲಿರಬಹುದು. ಇವರಿಬ್ಬರನ್ನು ಮುಖಾಮುಖಿಯಾಗಿಸುವುದೇ ದೂರಸಮ್ಮೇಳನದ ಕೆಲಸ.

೨. ದೂರಸಮ್ಮೇಳನವೆಂದರೇನು?

ದೂರದಿಂದ ಪಾಠ ಹೇಳುವ ಪ್ರಯತ್ನ ನಮ್ಮ ದೇಶದಲ್ಲಿ ಹಳೆಯದು. ೧೯೭೫ರ ಆಗಸ್ಟಿನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನದ ಶಿಕ್ಷಣ ಕಾರ್ಯಕ್ರಮಗಳನ್ನು ಕಳುಹಿಸಲಾಯಿತು. ಕರ್ನಾಟಕವೂ ಅವುಗಳಲ್ಲಿ ಒಂದು. ಆದರೆ ಹಳ್ಳಿಯ ಕೇಳುಗನಿಗೆ ತಿರುಗಿ ಪ್ರಶ್ನಿಸುವ ಅವಕಾಶವಿರಲಿಲ್ಲ. ೨೦೦೪ರ ಸೆಪ್ಟೆಂಬರಿನಲ್ಲಿ ಶಿಕ್ಷಣಕ್ಕಾಗಿಯೇ ‘ಎಜುಸ್ಯಾಟ್’ ಉಪಗ್ರಹವನ್ನು ಹಾರಿಸಿದರು. ಅದರ ಪ್ರಾಯೋಗಿಕ ಹಂತದಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಪಾಲುಗೊಂಡಿತು. ೨೦೨೦ರ ಮಾರ್ಚಿನಲ್ಲಿ ಮಹಾಮಾರಿಯ ನಿಮಿತ್ತ ಶಾಲಾ ಕಾಲೇಜುಗಳು ಮುಚ್ಚಿದಾಗ, ಮನೆಯಿಂದಲೇ ಸೇರಿ ಪರಸ್ಪರ ಕಂಡು ಮಾತಾಡುವ ಸಭೆ ದೇಶದಾದ್ಯಂತ ಬಳಕೆಗೆ ಬಂದಿತು.

ದೂರಸಭೆಗೂ ದೂರಸಮ್ಮೇಳನಕ್ಕೂ ವ್ಯತ್ಯಾಸವಿದೆ. ಒಬ್ಬರು ಮಾತಾಡಿ ಉಳಿದವರು ಕೇಳಿದರೆ ಅದು ಉಪನ್ಯಾಸ. ಸಮ್ಮೇಳನದಲ್ಲಿ ಒಂದು ಮುಖ್ಯ ಸಭಾಂಗಣವೂ, ಅದರಿಂದ ಕವಲೊಡೆಯುವ ಹಲವು ಸಣ್ಣ ಕೊಠಡಿಗಳೂ ಇರುತ್ತವೆ. ಭಾಗವಹಿಸುವವನು ತನಗೆ ಬೇಕಾದ ಕೊಠಡಿಯನ್ನು ಹೊಕ್ಕು, ಹತ್ತು ಹದಿನೈದು ಮಂದಿಯ ನಡುವೆ ತನ್ನ ಪ್ರಶ್ನೆಯನ್ನು ಇಡಬಹುದು. ಸಮ್ಮೇಳನದ ಸತ್ತ್ವವಿರುವುದು ಈ ಸಣ್ಣ ಕೊಠಡಿಗಳಲ್ಲಿ, ಉದ್ಘಾಟನಾ ಭಾಷಣದಲ್ಲಲ್ಲ.

ನಗರದ ಸಂಘವೊಂದರ ಸಭಾಗೃಹದಲ್ಲಿ ಕಾನೂನು ಓದಬಯಸುವ ಮಕ್ಕಳು ಇಬ್ಬರೋ ಮೂವರೋ ಸಿಕ್ಕಾರು. ಮುಂಬಯಿ, ಪುಣೆ, ಸೊಲ್ಲಾಪುರ, ಚೆನ್ನೈ, ಹೈದರಾಬಾದು, ದೆಹಲಿಗಳವರು ಒಟ್ಟಿಗೆ ಕೂಡಿದರೆ ಒಂದು ಕೊಠಡಿ ತುಂಬುತ್ತದೆ. ಚದರಿ ಹೋಗಿರುವುದೇ ಹೊರನಾಡಿನವರ ಸ್ಥಿತಿ. ಚದರಿದವರನ್ನು ಕೂಡಿಸಲು ಈ ಸಾಧನ ವಿಶೇಷವಾಗಿ ತಕ್ಕುದು.

೩. ವಿದ್ಯಾರ್ಥಿಗಳೇ ಏಕೆ?

ಹಿರಿಯರೂ ಇಂಥ ಸಮ್ಮೇಳನವನ್ನು ನಡೆಸಬಲ್ಲರು. ಆದರೆ ಅವರ ಅನುಭವ ಹಳೆಯದು. ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸಾಮಾನ್ಯ ಪ್ರವೇಶಪರೀಕ್ಷೆ ಬಂದುದು ೨೦೨೨ರಲ್ಲಿ. ಅದಕ್ಕೆ ಮುಂಚೆ ದೆಹಲಿಯಲ್ಲಿ ಓದಿದವರಿಗೆ ಹನ್ನೆರಡನೆಯ ತರಗತಿಯ ಅಂಕಗಳೇ ಪ್ರಮಾಣವಾಗಿದ್ದವು. ಇಂಜಿನಿಯರಿಂಗಿನ ಜೆ. ಇ. ಇ. ಮೇನ್ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶ ದೊರೆತುದು ೨೦೨೧ರಿಂದ. ಎರಡು ಪದವಿಗಳನ್ನು ಏಕಕಾಲದಲ್ಲಿ ಓದಲು ವಿಶ್ವವಿದ್ಯಾನಿಲಯ ಅನುದಾನ ಆಯೋಗ ಅನುಮತಿಯಿತ್ತುದು ೨೦೨೨ರಲ್ಲಿ. ಇವುಗಳನ್ನು ಸ್ವತಃ ಹಾದುಬಂದವರು ಇಪ್ಪತ್ತರ ಆಸುಪಾಸಿನವರೇ.

ಎರಡನೆಯ ಕಾರಣ ಸಂಕೋಚ. ಹದಿನೇಳರ ಹುಡುಗಿ “ನನಗೆ ಗಣಿತ ಬಾರದು, ಆದರೂ ವಿಜ್ಞಾನ ಓದಬಹುದೆ?” ಎಂದು ಪ್ರಾಧ್ಯಾಪಕರನ್ನು ಕೇಳಲಾರಳು, ಎರಡು ವರ್ಷ ಹಿರಿಯಳಾದ ಅಕ್ಕನನ್ನು ಕೇಳುತ್ತಾಳೆ. “ಶುಲ್ಕ ಕಟ್ಟಲು ಅಪ್ಪನಲ್ಲಿ ಹಣವಿಲ್ಲ” ಎಂಬ ಮಾತನ್ನು ತುಂಬಿದ ಸಭೆಯಲ್ಲಿ ಎದ್ದುನಿಂತು ಹೇಳುವುದು ಯಾರಿಗೂ ಸುಲಭವಲ್ಲ. ದೂರಸಮ್ಮೇಳನದಲ್ಲಿ ಹೆಸರಿಲ್ಲದೆ ಪ್ರಶ್ನೆಯನ್ನು ಬರೆದು ಕಳುಹಿಸಬಹುದು.

ಮೂರನೆಯ ಕಾರಣ ನಿಃಸ್ವಾರ್ಥತೆ. ಮಾರ್ಗದರ್ಶನದ ಹೆಸರಿನಲ್ಲಿ ನಡೆಯುವ ಮೇಳಗಳಲ್ಲಿ ಕೆಲವು ತರಬೇತಿಯ ಅಂಗಡಿಗಳಿಗೆ ಗಿರಾಕಿಗಳನ್ನು ಕೂಡಿಸುವವು. ಕೆಲವು ವಿದೇಶಕ್ಕೆ ಕಳುಹಿಸುವ ದಲ್ಲಾಳಿಗಳವು. ವಿದ್ಯಾರ್ಥಿಗಳ ಸಮ್ಮೇಳನಕ್ಕೆ ಮಾರುವ ಸರಕಿಲ್ಲ. ಪ್ರಾಯೋಜಕರ ಹಣ ಒಳಗೆ ಬಂದ ದಿನ ಈ ಗುಣ ಹೊರಗೆ ಹೋಗುತ್ತದೆಂಬುದನ್ನು ಸಂಘಟಕರು ನೆನಪಿಡತಕ್ಕದ್ದು.

ಆದರೆ ವಿದ್ಯಾರ್ಥಿಯ ಮಾತಿಗೂ ಒಂದು ದೋಷವುಂಟು. ಒಬ್ಬನ ಅನುಭವ ನಿಯಮವಲ್ಲ. “ನನಗೆ ಹೀಗೆ ಸೀಟು ಸಿಕ್ಕಿತು” ಎಂಬುದು “ನಿನಗೂ ಹೀಗೆ ಸಿಕ್ಕುವುದು” ಎಂದಾಗಲಾರದು. ಆದ್ದರಿಂದ ಮೂರು ನಾಲ್ವರ ಪರಿಶೀಲನ ಮಂಡಲಿಯೊಂದು ಅವಶ್ಯ. ವೇದಿಕೆಯಲ್ಲಿ ಹೇಳುವ ಪ್ರತಿಯೊಂದು ನಿಯಮಕ್ಕೂ ಆಯಾ ವರ್ಷದ ಅಧಿಕೃತ ಕೈಪಿಡಿಯ ಪುಟವನ್ನು ತೋರಿಸಬೇಕು. ನಿಯಮಗಳು ವರ್ಷ ವರ್ಷ ಬದಲಾಗುವುದರಿಂದ, ಈ ಲೇಖನದಲ್ಲಿ ಮೇಲೆ ಹೇಳಿದವನ್ನೂ ಹಾಗೆಯೇ ತಾಳೆನೋಡಿಕೊಂಡು ಬಳಸಬೇಕೆಂಬುದು ನಮ್ಮ ಸೂಚನೆ.

೪. ಏರ್ಪಾಟಿನ ಕ್ರಮ

ಮೊದಲನೆಯದಾಗಿ ಕಾಲ. ಜೆ. ಇ. ಇ. ಮೇನ್ ಪರೀಕ್ಷೆಯ ಮೊದಲ ಸುತ್ತು ಸಾಮಾನ್ಯವಾಗಿ ಜನವರಿಯಲ್ಲಿ, ಎರಡನೆಯದು ಏಪ್ರಿಲಿನಲ್ಲಿ. ರಾಜ್ಯಗಳ ಪರೀಕ್ಷೆಗಳೂ, ವೈದ್ಯಕೀಯದ ನೀಟ್ ಪರೀಕ್ಷೆಯೂ, ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಪರೀಕ್ಷೆಯೂ ಏಪ್ರಿಲ್–ಮೇ ತಿಂಗಳುಗಳ ಆಸುಪಾಸಿನಲ್ಲಿ ಬರುತ್ತವೆ. ಫಲಿತಾಂಶ ಬಂದಮೇಲೆ ಸಮ್ಮೇಳನ ಕೂಡಿಸಿದರೆ ಬೆಳೆ ಕೊಯ್ದಮೇಲೆ ಬೇಲಿ ಕಟ್ಟಿದಂತೆ. ಹನ್ನೆರಡನೆಯ ತರಗತಿಯವರಿಗೆ ಆಗಸ್ಟ್–ಸೆಪ್ಟೆಂಬರ್ ತಕ್ಕ ಸಮಯ. ಹತ್ತನೆಯ ತರಗತಿಯವರಿಗಾಗಿ ಮೇ ತಿಂಗಳಲ್ಲಿ ಇನ್ನೊಂದು ಸಣ್ಣ ಸಮ್ಮೇಳನ ನಡೆಸುವುದು ಒಳ್ಳೆಯದು. ಏಕೆಂದರೆ ಹನ್ನೊಂದರಲ್ಲಿ ಗಣಿತವನ್ನು ಬಿಟ್ಟವನಿಗೆ ಇಂಜಿನಿಯರಿಂಗಿನ ಬಾಗಿಲೂ, ಜೀವಶಾಸ್ತ್ರವನ್ನು ಬಿಟ್ಟವನಿಗೆ ವೈದ್ಯಕೀಯದ ಬಾಗಿಲೂ ಬಹುಮಟ್ಟಿಗೆ ಅಂದೇ ಮುಚ್ಚುತ್ತದೆ. ಊರು ಬದಲಿಸುವ ಯೋಚನೆಯುಳ್ಳ ಮನೆಯವರೂ ಅಧಿವಾಸದ ನಿಯಮಗಳನ್ನು ಕೇಳಿಕೊಳ್ಳಬೇಕಾದುದು ಆಗಲೇ.

ಎರಡನೆಯದಾಗಿ ಹೊತ್ತು. ಭಾನುವಾರ ರಾತ್ರಿ ಎಂಟೂವರೆಗೆ ಆರಂಭಿಸಿದರೆ, ಬೇಸಗೆಯ ಗಡಿಯಾರದಂತೆ ಅದು ಲಂಡನ್ನಿನಲ್ಲಿ ಸಂಜೆ ನಾಲ್ಕು ಗಂಟೆ, ನ್ಯೂಯಾರ್ಕಿನಲ್ಲಿ ಬೆಳಗಿನ ಹನ್ನೊಂದು. ವಿದೇಶದಲ್ಲಿ ಓದುತ್ತಿರುವ ನಮ್ಮ ಹುಡುಗರೂ ಹುಡುಗಿಯರೂ ನಿದ್ದೆಗೆಡದೆ ಬಂದು ಮಾತಾಡಬಹುದು.

ಮೂರನೆಯದಾಗಿ ವೆಚ್ಚ. ಸಭೆಯ ಚಿತ್ರವನ್ನು ಸೆಕೆಂಡಿಗೆ ೧ ಮೆಗಾಬಿಟ್ ವೇಗದಲ್ಲಿ ಪಡೆದರೆ, ೩,೬೦೦ ಸೆಕೆಂಡುಗಳ ಒಂದು ಗಂಟೆಗೆ ೩,೬೦೦ ಮೆಗಾಬಿಟ್ ಆಯಿತು. ಎಂಟು ಬಿಟ್ಟುಗಳಿಗೆ ಒಂದು ಬೈಟಿನಂತೆ ಅದು ೪೫೦ ಮೆಗಾಬೈಟು. ಬರಿಯ ಧ್ವನಿಯನ್ನು ಸೆಕೆಂಡಿಗೆ ೬೪ ಕಿಲೋಬಿಟ್ಟಿನಂತೆ ಪಡೆದರೆ ಗಂಟೆಗೆ ಸುಮಾರು ೨೯ ಮೆಗಾಬೈಟು ಸಾಕು. ಅಂದರೆ ಚಿತ್ರದ ಖರ್ಚು ಧ್ವನಿಯ ಹದಿನೈದರಷ್ಟು. ಮನೆಯವರೆಲ್ಲರಿಗೂ ಒಂದೇ ಫೋನು ಇರುವ ಕಡೆ ಈ ಲೆಕ್ಕ ಸಣ್ಣದಲ್ಲ. ಆದಕಾರಣ ಕ್ಯಾಮರಾ ತೆರೆಯಬೇಕೆಂದು ಯಾರನ್ನೂ ಒತ್ತಾಯಿಸಬಾರದು. ಚಿತ್ರವಿಲ್ಲದೆ ಕೇಳಿದರೂ ಅರ್ಥವಾಗುವಂತೆ ವಕ್ತಾರರು ಮಾತಾಡಬೇಕು. ತೋರಿಸುವ ಪುಟಗಳನ್ನು ಮುನ್ನಾದಿನವೇ ಕಳುಹಿಸಬೇಕು.

ನಾಲ್ಕನೆಯದಾಗಿ ಕೊಠಡಿಗಳ ವಿಂಗಡಣೆ. ಇಂಜಿನಿಯರಿಂಗ್, ವೈದ್ಯಕೀಯಗಳೆರಡೇ ವಿದ್ಯೆಯೆಂಬ ಭ್ರಮೆ ನಮ್ಮವರಲ್ಲಿ ಇನ್ನೂ ಗಟ್ಟಿಯಾಗಿದೆ. ಅವೆರಡರ ಜೊತೆಗೆ ಕನಿಷ್ಠಪಕ್ಷ ಇನ್ನು ನಾಲ್ಕು ಕೊಠಡಿಗಳಿರಲಿ. ಶುದ್ಧ ವಿಜ್ಞಾನಕ್ಕೊಂದು: ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ೨೦೧೧ರಿಂದ ಸ್ನಾತಕ ಪದವಿಗೂ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತಿದೆ. ಸಮಾಜವಿಜ್ಞಾನ, ಭಾಷೆ, ಕಾನೂನು, ಅಧ್ಯಾಪನಗಳಿಗೊಂದು: ಪುಣೆಯ ಗೋಖಲೆ ಸಂಸ್ಥೆ, ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಗಳು ನಮ್ಮ ಮನೆಯ ಬಾಗಿಲಲ್ಲಿಯೇ ಇದ್ದರೂ ಅಲ್ಲಿ ಏನು ಓದಿಸುತ್ತಾರೆಂದು ತಿಳಿಯದವರು ಬಹಳ ಮಂದಿ. ಡಿಪ್ಲೊಮಾ ಮತ್ತು ದುಡಿಯುತ್ತ ಓದುವವರಿಗೊಂದು: ಡಿಪ್ಲೊಮಾ ಮುಗಿಸಿದವನು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು, ೧೯೮೫ರಲ್ಲಿ ಸ್ಥಾಪಿತವಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಬಿಡದೆ ಪದವಿ ಪಡೆಯಬಹುದು, ಮದರಾಸಿನ ಐ. ಐ. ಟಿ. ೨೦೨೦ರಲ್ಲಿ ದತ್ತಾಂಶವಿಜ್ಞಾನದ ದೂರಶಿಕ್ಷಣವನ್ನು ಆರಂಭಿಸಿತು. ಕೊನೆಯದು ಹಣದ ಕೊಠಡಿ: ವಿದ್ಯಾರ್ಥಿವೇತನ, ಶುಲ್ಕ ವಿನಾಯಿತಿ, ಬ್ಯಾಂಕಿನ ಸಾಲ. ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದು ಒಂದು ವರ್ಷದ ಮೇಲೆ ಆರಂಭವಾದರೂ ಬಡ್ಡಿ ಮಾತ್ರ ಹಣ ಪಡೆದ ದಿನದಿಂದಲೇ ಬೆಳೆಯುತ್ತದೆ. ಈ ಒಂದು ಮಾತನ್ನು ಸಹಿ ಹಾಕುವ ಮೊದಲು ಹೇಳುವವರು ಬೇಕು.

ಐದನೆಯದಾಗಿ ರಕ್ಷಣೆ. ಭಾಗವಹಿಸುವವರಲ್ಲಿ ಹೆಚ್ಚಿನವರಿಗೆ ಹದಿನೆಂಟು ತುಂಬಿರುವುದಿಲ್ಲ. ೨೦೨೩ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಅಧಿನಿಯಮ ಅವರನ್ನು ಮಕ್ಕಳೆಂದೇ ಎಣಿಸುತ್ತದೆ. ಹೆಸರು, ದೂರವಾಣಿ ಸಂಖ್ಯೆಗಳ ಪಟ್ಟಿಯನ್ನು ಯಾರಿಗೂ ಕೊಡಕೂಡದು. ಸಣ್ಣ ಕೊಠಡಿಗಳ ಮಾತನ್ನು ಧ್ವನಿಮುದ್ರಿಸಕೂಡದು. ಸಭೆಯ ಕೊಂಡಿಯನ್ನು ಸಾರ್ವಜನಿಕವಾಗಿ ಹರಡದೆ ಹೆಸರು ನೋಂದಾಯಿಸಿದವರಿಗೆ ಮಾತ್ರ ಕಳುಹಿಸಬೇಕು. ೨೦೨೦ರಲ್ಲಿ ತೆರೆದ ಸಭೆಗಳಿಗೆ ಕಿಡಿಗೇಡಿಗಳು ನುಗ್ಗಿ ಅಸಭ್ಯವಾಗಿ ವರ್ತಿಸಿದುದು ಹಲವು ದೇಶಗಳ ಅನುಭವ. ಪ್ರತಿಯೊಂದು ಕೊಠಡಿಯಲ್ಲಿ ಹಿರಿಯರೊಬ್ಬರು ಮೌನವಾಗಿ ಕುಳಿತಿರುವುದು ಯುಕ್ತ.

ಕೊನೆಯದಾಗಿ ಭಾಷೆ. ನಮ್ಮ ಮಕ್ಕಳಲ್ಲಿ ಕನ್ನಡ ಆಡಬಲ್ಲವರು ಹಲವರು, ಓದಬಲ್ಲವರು ಕೆಲವರು. ಮಾತು ಕನ್ನಡದಲ್ಲಿರಲಿ, ಕೊಠಡಿಯಲ್ಲಿ ತುಳುವೂ ಕೊಂಕಣಿಯೂ ಬರಲಿ. ಅರ್ಜಿಯ ಪದಗಳು ಮಾತ್ರ ಅರ್ಜಿಯಲ್ಲಿರುವಂತೆಯೇ ಇರಲಿ. ಶುದ್ಧಿಯ ಹಟದಿಂದ ‘ಡೊಮಿಸೈಲ್’ ಶಬ್ದವನ್ನು ಬಿಟ್ಟು ‘ಅಧಿವಾಸ’ವೆಂದಷ್ಟೇ ಹೇಳಿದರೆ, ಕಚೇರಿಯ ಕಿಟಕಿಯಲ್ಲಿ ಏನು ಕೇಳಬೇಕೆಂದು ಹುಡುಗನಿಗೆ ತಿಳಿಯದು.

೫. ಸಮ್ಮೇಳನದ ತರುವಾಯ

ಸಭೆ ಮುಗಿದೊಡನೆ ಕೆಲಸ ಮುಗಿಯಲಿಲ್ಲ. ಕೇಳಿದ ಪ್ರಶ್ನೆಗಳನ್ನೂ ಪರಿಶೀಲಿಸಿದ ಉತ್ತರಗಳನ್ನೂ ಹೆಸರುಗಳಿಲ್ಲದೆ ಬರೆದಿಟ್ಟು, ದಿನಾಂಕ ಸಹಿತ ಹತ್ತು ಹನ್ನೆರಡು ಪುಟಗಳ ಕಿರುಹೊತ್ತಗೆ ಮಾಡಬೇಕು. ಮರುವರ್ಷದ ವಿದ್ಯಾರ್ಥಿಗಳು ಅದನ್ನು ತಿದ್ದಲಿ. ಉತ್ತರ ಸಿಕ್ಕದೆ ಉಳಿದ ಪ್ರಶ್ನೆಗಳ ಪಟ್ಟಿ ಇನ್ನೂ ಮುಖ್ಯವಾದದ್ದು. ಸಂಘಗಳು ಒಟ್ಟಾಗಿ ಅವನ್ನು ಸಂಬಂಧಪಟ್ಟ ಪ್ರಾಧಿಕಾರಕ್ಕೆ ಬರೆದು ಕೇಳಬಹುದು. ಒಬ್ಬ ತಂದೆಯ ಕಾಗದಕ್ಕೆ ಬಾರದ ಉತ್ತರ ಐದು ನಗರಗಳ ಸಂಘಗಳ ಕಾಗದಕ್ಕೆ ಬರುವ ಸಂಭವ ಹೆಚ್ಚು.

ನಮ್ಮಂಥ ಹಿರಿಯರ ಪಾಲಿಗೆ ಬರುವ ಕೆಲಸ ಸ್ವಲ್ಪವೇ. ಮನೆಯಲ್ಲಿ ಸ್ಥಳವಿಲ್ಲದ ಮಕ್ಕಳಿಗೆ ಆ ಒಂದು ರಾತ್ರಿ ಸಂಘದ ಕೋಣೆಯನ್ನು ತೆರೆದಿಡುವುದು. ಸಭೆಯ ಅಲ್ಪ ವೆಚ್ಚವನ್ನು ಷರತ್ತಿಲ್ಲದೆ ಕೊಡುವುದು. ಸಮ್ಮೇಳನದ ವಾರ್ತೆಯನ್ನು ನಮ್ಮ ಸದಸ್ಯರ ಪಟ್ಟಿಯಾಚೆಗೆ, ಹೋಟೆಲು, ಕಾರಖಾನೆ, ಕಟ್ಟಡ ಕೆಲಸಗಳಲ್ಲಿರುವ ಕನ್ನಡಿಗರ ಮನೆಗಳಿಗೆ ಮುಟ್ಟಿಸುವುದು. ಇವುಗಳಲ್ಲಿ ಕೊನೆಯದೇ ಕಠಿನ. ಹಿಂದೆ ಮುಂಬಯಿಯ ಕನ್ನಡ ಸಂಸ್ಥೆಗಳು ರಾತ್ರಿಶಾಲೆಗಳನ್ನು ನಡೆಸಿದಾಗ, ಹಗಲು ದುಡಿದ ಹುಡುಗರು ಎಲ್ಲಿದ್ದಾರೋ ಅಲ್ಲಿಗೆ, ಅವರಿಗೆ ಬಿಡುವಿದ್ದ ಹೊತ್ತಿಗೆ ಶಾಲೆಯನ್ನು ಒಯ್ದುವು. ದೂರಸಮ್ಮೇಳನವೂ ಅದೇ ದಾರಿಯನ್ನು ಹಿಡಿಯಬೇಕು.

ಈ ಪತ್ರಿಕೆಯನ್ನು ಓದುವವರ ಮಕ್ಕಳಿಗೆ ಹೇಳುವವರಿದ್ದಾರೆ. ಮನೆಯಲ್ಲಿ ಓದಿದ ತಂದೆತಾಯಿಗಳಿದ್ದಾರೆ, ಕೇಳಿದರೆ ಉತ್ತರಿಸುವ ಮಿತ್ರರಿದ್ದಾರೆ. ಸಮ್ಮೇಳನ ಅವರಿಗೆ ಅನುಕೂಲ ಮಾತ್ರ. ಹೇಳುವವರಿಲ್ಲದ ಮನೆಯ ಹುಡುಗನಿಗೋ ಅದು ಒಂದು ವರ್ಷದ, ಕೆಲವೊಮ್ಮೆ ಒಂದು ಜೀವನದ ಪ್ರಶ್ನೆ. ಅರ್ಜಿಯ ಕೊನೆಯ ದಿನ ಕಳೆದುಹೋದಮೇಲೆ “ನನಗೆ ಯಾರೂ ಹೇಳಲಿಲ್ಲ” ಎಂದು ಅವನು ಹೇಳಿದರೆ ಆ ಮಾತಿಗೆ ನಮ್ಮಲ್ಲಿ ಉತ್ತರವಿರುವುದಿಲ್ಲ. ಹಿಂದಿನವರು ಒಬ್ಬೊಬ್ಬರಿಗಾಗಿ ಬರೆಯುತ್ತಿದ್ದ ಕಾಗದವನ್ನು ಇಂದಿನ ವಿದ್ಯಾರ್ಥಿಗಳು ನೂರು ಮಂದಿಗೆ ಒಟ್ಟಿಗೆ ಓದಿ ಹೇಳಬಲ್ಲರು. ಅವರಿಗೆ ಬೇಕಾಗಿರುವುದು ಒಂದು ಭಾನುವಾರದ ರಾತ್ರಿ, ತುಸು ಶಿಸ್ತು, ಮತ್ತು ನಮ್ಮ ನಂಬಿಕೆ.